ಬಾಗಿಲಲ್ಲಿ ನಿಂತು ಕರೆಯುವ ಕೆಲಸ

ಆ ದಿನ ಬೆಳಿಗ್ಗೆಯೂ ನನ್ನನ್ನು ಎಬ್ಬಿಸಿದ್ದು ಘೋಡಿಯುವಿನ ಸದ್ದೇ. ಒಂದು ಕಡೆಗೆ ಕಿರ್ರ್, ಸ್ವಲ್ಪ ತಡೆದು ಇನ್ನೊಂದು ಕಡೆಗೆ ಕ್ರಕ್. ಅಹಮದಾಬಾದಿನ ನವರಂಗಪುರದ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಆ ಬೇಸಿಗೆಯ ಎಲ್ಲ ದಿನಗಳೂ ಹೀಗೇ ಶುರುವಾಗುತ್ತಿದ್ದವು. ಘೋಡಿಯು ಅಂದರೆ ಗುಜರಾತಿನವರ ತೊಟ್ಟಿಲು. ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು, ಅದರ ಕೊಂಡಿಗೆ ನೇತುಹಾಕಿದ ಬಟ್ಟೆಯ ಜೋಲಿ, ದೂರದಿಂದಲೇ ಎಳೆದು ತೂಗಲು ಒಂದು ಉದ್ದನೆಯ ಹಗ್ಗ. ನಮ್ಮದು ಎದುರು ಮನೆಯ ಜ್ಯೋತ್ಸ್ನಾಬೆನ್ ಕೊಟ್ಟದ್ದು. ಅವರ ಇಬ್ಬರು ಗಂಡುಮಕ್ಕಳೂ ಅದರಲ್ಲೇ ಮಲಗಿ ಬೆಳೆದವರು. ಅಜ್ಜಿ ಗೋಡೆಗೆ ಒರಗಿ ಕೂತು, ಹಗ್ಗದ ತುದಿಯನ್ನು ಬಲಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕಾಲಲ್ಲಿ ತೂಗುತ್ತ ಕೈಯಲ್ಲಿ ಅಲಸಂಡೆ ಮುರಿಯುತ್ತಿದ್ದರು. ಕೊಂಡಿಗೆ ಎಣ್ಣೆ ಬಿಡುತ್ತೇನೆಂದು ಅಪ್ಪ ಎರಡು ಸಲ ಹೊಲಿಗೆ ಮಿಷನ್ನಿನ ಎಣ್ಣೆಯ ಬುಡ್ಡಿ ಹಿಡಿದು ಬಂದಿದ್ದರು. ಅಜ್ಜಿ ಬಿಡಲಿಲ್ಲ. ಆ ಸದ್ದಿಗೇ ಮಗು ಮಲಗುವುದು, ಸದ್ದು ನಿಂತರೆ ಏಳುತ್ತದೆ ಅನ್ನುವುದು ಅವರ ವಾದ. ಅದು ಸುಳ್ಳೂ ಆಗಿರಲಿಲ್ಲ. ಜೋಲಿಯೊಳಗಿಂದ ಏಳು ತಿಂಗಳ ನನ್ನ ತಮ್ಮ ಅನಿರುದ್ಧನ ಒಂದು ಮುಷ್ಟಿ ಮಾತ್ರ ಹೊರಗೆ ಕಾಣುತ್ತಿತ್ತು. ನಿದ್ದೆಯಲ್ಲೂ ಅವನು ಮುಷ್ಟಿ ಬಿಚ್ಚುತ್ತಿರಲಿಲ್ಲ. ಅವನು ಎಚ್ಚರಗೊಂಡರೆ ಆ ಮುಷ್ಟಿಯೊಳಗೆ ನನ್ನ ಜಡೆ ಇರುತ್ತಿತ್ತು.

ಅಡುಗೆಮನೆಯಲ್ಲಿ ಅಮ್ಮ ಪ್ರಯಾಣದ ತಯಾರಿಯಲ್ಲಿದ್ದಳು. ವಡೋದರಾಕ್ಕೆ ಹೋಗಿ ಸಂಜೆಯೊಳಗೆ ವಾಪಸ್ ಬರುವುದೆಂದು ಹಿಂದಿನ ದಿನವೇ ಮಾತಾಗಿತ್ತು. ಇಡ್ಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿ, ನಡುನಡುವೆ ಚಟ್ನಿಪುಡಿ, ಎಣ್ಣೆ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಸ್ವಲ್ಪ, ಮಧ್ಯಾಹ್ನದೊಳಗೆ ಹುಳಿಯಬಾರದಲ್ಲ. ಮಗುವಿನ ಚೀಲ ಬೇರೆಯೇ: ರಾಗಿ ಮಣ್ಣಿ, ಬಿಸಿನೀರಿನ ಫ್ಲಾಸ್ಕ್, ಹಳೆಯ ಸೀರೆ ಹರಿದು ಹೊಲಿದ ಲಂಗೋಟಿಗಳು, ಬಜೆಯ ತುಂಡು, ಅದನ್ನು ತೇಯಲು ಅಂಗೈಯಗಲದ ಕಲ್ಲು. ಆ ಕಲ್ಲನ್ನು ಅಜ್ಜಿ ಕುಂದಾಪುರದಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದರು. ಅಪ್ಪನಿಗೆ ವಿಮಾ ಕಚೇರಿಯಿಂದ ಅಹಮದಾಬಾದಿಗೆ ವರ್ಗವಾಗಿ ಆಗ ನಾಲ್ಕು ವರ್ಷ. ಬಾಣಂತನಕ್ಕೆಂದು ಬಂದ ಅಜ್ಜಿ, ಅಂದರೆ ಅಪ್ಪನ ತಾಯಿ, ಹಿಂತಿರುಗುವ ಮಾತೇ ಎತ್ತಿರಲಿಲ್ಲ. ಅವರು ಬಂದ ಮೇಲೆ ನಮ್ಮ ಮನೆಯಲ್ಲಿ ಎರಡು ಬಗೆಯ ನಿಯಮಗಳಿದ್ದವು. ಒಂದು, ನನ್ನ ಕಾನ್ವೆಂಟಿನವು: ಕಾರಿಡಾರಿನಲ್ಲಿ ಇಂಗ್ಲಿಷ್, ಉಗುರು ಗಿಡ್ಡ, ಸುಳ್ಳು ಹೇಳಬಾರದು. ಇನ್ನೊಂದು, ಅಜ್ಜಿಯವು. ಅವಕ್ಕೆ ಕಾರಣ ಕೇಳುವಂತಿರಲಿಲ್ಲ.

ಆ ಬೇಸಿಗೆಯಲ್ಲಿ ಅಪ್ಪ ಒಂದು ಹಳೆಯ ಕಾರು ಕೊಂಡಿದ್ದರು. ಹಾಗಾಗಿ ರಜೆಯ ಪ್ರತಿ ಭಾನುವಾರವೂ ಎಲ್ಲಿಗಾದರೂ ಹೊರಡುವುದೇ. ಮೊದಲ ದೂರದ ಪ್ರಯಾಣ ಸೂರತ್‌ಗೆ, ಕತಾರ್‌ಗಾಮ್‌ನಲ್ಲಿ ಹೋಟೆಲು ನಡೆಸುತ್ತಿದ್ದ ದೊಡ್ಡಪ್ಪನ ಮನೆಗೆ. ಕೆಳಗೆ ಹೋಟೆಲು, ಮೇಲೆ ಮನೆ. ವಜ್ರ ತಿಕ್ಕುವ ಕಾರ್ಖಾನೆಗಳ ಗಂಡಸರು ಹತ್ತು ಗಂಟೆಗೆ ಗುಂಪಾಗಿ ಬಂದು, ನಿಂತುಕೊಂಡೇ ಸೆಟ್ ದೋಸೆ ತಿಂದು, ಕೈ ತೊಳೆಯುವಾಗ ಉಗುರಿನ ಸಂದಿಗಳನ್ನು ಮಾತ್ರ ಬಹಳ ಹೊತ್ತು ತೊಳೆಯುತ್ತಿದ್ದರು. ಅಲ್ಲಿ ಅನಿ ಮಲಗಿದ್ದು ಅಕ್ಕಿ ಚೀಲಗಳ ಕೋಣೆಯಲ್ಲಿ, ಚಾಪೆಯ ಮೇಲೆ. ಮರುದಿನ ಹೊರಟಾಗ ಎಲ್ಲರೂ ಕಾರು ಹತ್ತಿದ್ದೆವು, ಅಜ್ಜಿ ಮಾತ್ರ ಬಂದಿರಲಿಲ್ಲ. ನಾನು ಕರೆತರಲು ಹೋದೆ. ಅವರು ಆ ಖಾಲಿ ಚಾಪೆಯನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರುತ್ತ ಕೂತಿದ್ದರು. ಆಮೇಲೆ ಹೊಸ್ತಿಲಿಗೆ ಬಂದು, ಕೋಣೆಯ ಕಡೆ ಮುಖ ಮಾಡಿ, ಊಟಕ್ಕೆ ಕರೆಯುವಷ್ಟೇ ಸಹಜವಾದ ದನಿಯಲ್ಲಿ ಮೂರು ಸಲ ಕರೆದರು. ಬಾ ಅನಿ, ನಾವು ಹೊರಟೆವು. ಅಮ್ಮ ಇದ್ದಾಳೆ, ಅಕ್ಕ ಇದ್ದಾಳೆ, ಬಾ. ಮಗು ಆಗಲೇ ಕಾರಿನಲ್ಲಿದೆಯಲ್ಲ ಅಂದೆ. ಅಜ್ಜಿ ನನ್ನ ಹೆಗಲು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತ ಹೇಳಿದರು:

"ದೊಡ್ಡವ್ರು ಹೊರಟ್ರೆ ಪೂರ್ತಿ ಹೊರಡ್ತಾರೆ. ಮಕ್ಕಳು ಹಾಂಗಲ್ಲ ಮಗಾ. ಮೈಯನ್ನ ನಾವು ಎತ್ಕೊಂಡು ಹೋಪುದು. ಉಳಿದದ್ದನ್ನ ಕರೀಕು."

ಅಂದಿನಿಂದ ಹಾಗೆ ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಮನೆಯ ಹೆಣ್ಣುಮಗು ಕರೆದರೆ ಬೇಗ ಬರುತ್ತದಂತೆ. ಎಲ್ಲರೂ ಇಳಿದ ಮೇಲೆ ಕೊನೆಯಲ್ಲಿ ನಾನು ಹೊರಗೆ ಬರಬೇಕು. ಜೋಲಿಗೆ ಒಂದು ಗಂಟು ಹಾಕಬೇಕು, ಖಾಲಿ ಜೋಲಿ ಬಾಯಿ ತೆರೆದುಕೊಂಡು ಇರಬಾರದು. ಹೊಸ್ತಿಲಲ್ಲಿ ನಿಂತು ಮೂರು ಸಲ ಕರೆಯಬೇಕು. ಆಮೇಲೆ ಒಳಗೆ ನೋಡದೆ ಬಾಗಿಲು ಎಳೆಯಬೇಕು. ನಮ್ಮ ಕಡೆ ಬೇರೆ ಯಾರ ಮನೆಯಲ್ಲೂ ಈ ಪದ್ಧತಿಯನ್ನು ನಾನು ಕಂಡಿಲ್ಲ. ಅಮ್ಮನಿಗೂ ಇದು ಗಂಡನ ಮನೆಗೆ ಬಂದ ಮೇಲೆಯೇ ಗೊತ್ತಾದದ್ದು. ಅಪ್ಪ ನಗುತ್ತಿದ್ದರು, ಆದರೆ ನಾನು ಕೆಳಗೆ ಬರುವ ತನಕ ಕಾರು ಶುರು ಮಾಡುತ್ತಿರಲಿಲ್ಲ. ಈಗ ಅಹಮದಾಬಾದಿನದೇ ಬೋಡಕ್‌ದೇವ್‌ನ ನನ್ನ ಸಂಸಾರದಲ್ಲಿ ತೊಟ್ಟಿಲಿನ ಕಾಲ ಮುಗಿದು ಎಷ್ಟೋ ದಿನವಾಯಿತು. ಆದರೂ ಬಾಗಿಲು ಎಳೆಯುವ ಮುಂಚೆ ನನ್ನ ಕೈ ಒಂದು ಕ್ಷಣ ಚಿಲಕದ ಮೇಲೆ ನಿಲ್ಲುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೇನೆ ಅಂದುಕೊಂಡು ಮನೆಯವರು ಕಾಯುತ್ತಾರೆ.

ಮೇಲಿನ ಮಹಡಿಯ ಪಿನಲ್ ನನ್ನ ತರಗತಿಯವಳು. ವಡೋದರಾಕ್ಕೆ ಹೊರಡುವ ವಾರ ಮುಂಚೆ ಒಂದು ಸಂಜೆ ನಾವು ಮನೆಯವರೆಲ್ಲ ನದಿಯ ಕಡೆ ಹೊರಟಿದ್ದೆವು. ನಾನು ಹೊಸ್ತಿಲಲ್ಲಿ ನಿಂತು ಕರೆಯುವುದನ್ನು ಅವಳು ಮೆಟ್ಟಿಲ ಮೇಲಿಂದ ಕೇಳಿಸಿಕೊಂಡಳು. ಮರುದಿನ ಕಾಂಪೌಂಡಿನಲ್ಲಿ ಆಟದ ನಡುವೆ, ಖಾಲಿ ಬೆಂಚಿನ ಕಡೆ ಕೈಚಾಚಿ, ಕಣ್ಣು ತೇಲಿಸಿ, ಬಾ ಅನಿ ಬಾ ಅನಿ ಎಂದು ನನ್ನದೇ ದನಿ ತೆಗೆದು ಕರೆದಳು. ಕನ್ನಡದ ಆ ಎರಡು ಪದ ಅವಳಿಗೆ ಚೆನ್ನಾಗಿ ಬಂದಿದ್ದವು. ಎಲ್ಲರೂ ನಕ್ಕರು. ನಿಮ್ಮ ಮನೆಯಲ್ಲಿ ಭೂತ ಇಟ್ಟುಕೊಂಡಿದ್ದೀರಾ ಎಂದು ಒಬ್ಬಳು ಕೇಳಿದಳು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ.

ವಡೋದರಾಕ್ಕೆ ಹೊರಟ ಆ ಬೆಳಿಗ್ಗೆ ಎಲ್ಲರೂ ಕೆಳಗಿಳಿದರು. ಅಜ್ಜಿ ಕೊನೆಯ ಗಳಿಗೆಯ ತನಕ ಹಗ್ಗ ಹಿಡಿದಿದ್ದವರು, ಅದನ್ನು ನೆಲಕ್ಕೆ ಬಿಟ್ಟು, ಬೀಗದ ಕೈ ನನ್ನ ಕೈಗಿಟ್ಟು ಹೋದರು. ನಾನು ಜೋಲಿಯ ಗಂಟು ಹಾಕಲು ಹೊರಟೆ. ಅಷ್ಟರಲ್ಲಿ ಮೇಲಿನಿಂದ ಚಪ್ಪಲಿಯ ಸದ್ದು. ಪಿನಲ್ ಮತ್ತು ಅವಳ ಮನೆಗೆ ಬಂದಿದ್ದ ಮತ್ತೊಬ್ಬ ಹುಡುಗಿ ಮೆಟ್ಟಿಲ ತಿರುವಿನಲ್ಲಿ ಬಂದು ಕೂತು ಐಸ್ ಕ್ಯಾಂಡಿ ಚೀಪತೊಡಗಿದರು. ಎದ್ದು ಹೋಗುವ ಲಕ್ಷಣವಿರಲಿಲ್ಲ. ನಾನು ಜೋಲಿಯನ್ನು ಹಾಗೇ ಬಿಟ್ಟು ಹೊರಗೆ ಬಂದು ಬಾಗಿಲೆಳೆದು ಅದರಲ್ಲೇ ಕೂಡಿಸಿದ್ದ ಬೀಗ ತಿರುಗಿಸಿದೆ. ಪಿನಲ್ ಕ್ಯಾಂಡಿಯನ್ನು ಬಾಯಿಂದ ತೆಗೆದು, ಏನು, ಇವತ್ತು ಯಾರನ್ನೂ ಕರೆಯುವುದಿಲ್ಲವಾ ಎಂದು ಕೇಳಿದಳು. ನಾನು ಇಳಿದೆ. ಒಂದನೇ ಮಹಡಿಯ ಕತ್ತಲಲ್ಲಿ ನಿಂತು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದೆ. ಕರೆಯಲು ಅಷ್ಟು ಹೊತ್ತು ಬೇಕು. ಕೆಳಗೆ ಅಜ್ಜಿ ಬೀಗದ ಕೈ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಕರ್ದ್ಯಾ ಮಗಾ?"

"ಹೂಂ."

ಹೆದ್ದಾರಿ ಸೇರುವ ಹೊತ್ತಿಗೆ ನಾನು ಅದನ್ನು ಮರೆಯಲು ಶುರುಮಾಡಿದ್ದೆ. ಅನಿ ಅಮ್ಮನ ತೊಡೆಯ ಮೇಲಿದ್ದ. ಅವನು ಅಳದೇ ಇದ್ದದ್ದನ್ನು ಮೊದಲು ಗಮನಿಸಿದ್ದು ಅಪ್ಪ, ಅದೂ ಸಂತೋಷದಿಂದ: ನೋಡಿ, ಹುಡುಗ ಕಾರಿಗೆ ಒಗ್ಗಿಬಿಟ್ಟ. ಅಪ್ಪ ಸುಳ್ಳುಸುಳ್ಳೇ ಸೀನಿದರೆ ಅನಿ ಕೇಕೆ ಹಾಕಿ ನಗುವುದು ನಮ್ಮ ಮನೆಯ ದೊಡ್ಡ ತಮಾಷೆಯಾಗಿತ್ತು. ಅಪ್ಪ ಸೀನಿದರು. ಅನಿ ನಗಲಿಲ್ಲ. ಇನ್ನೊಮ್ಮೆ, ಜೋರಾಗಿ. ಅವನ ರೆಪ್ಪೆಯೂ ಅಲುಗಲಿಲ್ಲ. ನಾನು ನನ್ನ ಜಡೆಯನ್ನು ಅವನ ಕೈಯಲ್ಲಿಟ್ಟೆ. ಆ ಕೈ ತೆರೆದೇ ಇತ್ತು. ಬೆರಳುಗಳು ಜಡೆಯ ಮೇಲೆ ಮುಚ್ಚಿಕೊಳ್ಳಲಿಲ್ಲ. ಜಡೆ ಜಾರಿ ಸೀಟಿನ ಮೇಲೆ ಬಿತ್ತು.

ವಡೋದರಾದಲ್ಲಿ ನಾವು ಹೋದದ್ದು ದೊಡ್ಡ ತೋಟಕ್ಕೆ, ಮಕ್ಕಳ ರೈಲಿಗೆ. ರೈಲು ಕಿವಿಯ ಹತ್ತಿರವೇ ಶಿಳ್ಳೆ ಹಾಕಿತು. ಅಕ್ಕಪಕ್ಕದ ಕೂಸುಗಳೆಲ್ಲ ಬೆಚ್ಚಿ ಅತ್ತವು. ಅನಿ ಬೆಚ್ಚಲಿಲ್ಲ. ಅಪ್ಪ ಮೊಬೈಲಿನಲ್ಲಿ ಫೋಟೊ ತೆಗೆಯುತ್ತ, ಇಲ್ಲಿ ನೋಡು, ಇಲ್ಲಿ, ಎಂದು ಚಿಟಿಕೆ ಹಾಕುತ್ತಿದ್ದರು. ಆ ಫೋಟೊಗಳು ಈಗಲೂ ನನ್ನ ಬಳಿ ಇವೆ. ಒಂದರಲ್ಲಿ ಅಮ್ಮನ ಸೊಂಟದ ಮೇಲೆ, ಒಂದರಲ್ಲಿ ಅಜ್ಜಿಯ ತೊಡೆಯಲ್ಲಿ, ಒಂದರಲ್ಲಿ ಹುಲ್ಲಿನ ಮೇಲೆ. ಎಲ್ಲದರಲ್ಲೂ ಅನಿ ಕುತ್ತಿಗೆ ತಿರುಗಿಸಿ ಒಂದೇ ಕಡೆ ನೋಡುತ್ತಿದ್ದಾನೆ. ಅಮ್ಮ ಅವನನ್ನು ಈ ಕಡೆ ತಿರುಗಿಸಿದರೆ ಅವನ ತಲೆ ನಿಧಾನವಾಗಿ ಆ ಕಡೆಗೇ ಹೊರಳುತ್ತಿತ್ತು. ಆ ಕಡೆ ಏನಿದೆ ಎಂದು ನಾನು ನೋಡಿದೆ. ಒಂದು ಕಲ್ಲು ಬೆಂಚು, ಅದರ ಹಿಂದೆ ತೋಟದ ಗೇಟು, ಗೇಟಿನಾಚೆ ನಾವು ಬಂದ ರಸ್ತೆ.

ಹನ್ನೊಂದು ಗಂಟೆಗೆ ಅಮ್ಮ ಅವನ ಕಾಲ್ಚೀಲ ತೆಗೆದಳು. ಮುಟ್ಟಿ ನೋಡಿ ನನ್ನ ಕೈಯನ್ನೂ ಎಳೆದು ಮುಟ್ಟಿಸಿದಳು. ಮೇ ತಿಂಗಳ ಆ ಬಿಸಿಲಿನಲ್ಲಿ ಅವನ ಅಂಗಾಲು ಮಣ್ಣಿನ ಹೂಜಿಯ ಮೈಯಷ್ಟು ತಣ್ಣಗಿತ್ತು. ಹಾಲು ಕೊಟ್ಟರೆ ಬಾಯೊಳಗೆ ಹೋದದ್ದು ಕಟವಾಯಿಯಿಂದ ಹೊರಗೆ ಬರುತ್ತಿತ್ತು, ನುಂಗಬೇಕೆಂಬುದೇ ಮರೆತುಹೋದ ಹಾಗೆ. ಹತ್ತಿರದಲ್ಲೇ ಒಬ್ಬ ಮಕ್ಕಳ ಡಾಕ್ಟರು ಸಿಕ್ಕಿದರು. ಅವರು ಎದೆ, ಕಿವಿ, ಗಂಟಲು ಎಲ್ಲ ನೋಡಿದರು. ಜ್ವರವಿಲ್ಲ, ಉಸಿರು ಚೆನ್ನಾಗಿದೆ, ಬಿಸಿಲಿಗೆ ಸುಸ್ತಾಗಿದೆ ಅಷ್ಟೇ, ತಂಪಾದ ಕಡೆ ಮಲಗಿಸಿ, ಬಿಸಿಲು ಇಳಿದ ಮೇಲೆ ಊರಿಗೆ ಹೊರಡಿ ಅಂದರು. ಅಪ್ಪನ ಹಳೆಯ ಸಹೋದ್ಯೋಗಿಯ ಮನೆ ಅಲ್ಲೇ ಇತ್ತು. ಅಲ್ಲಿ ಕೂಲರ್ ಇದ್ದ ಕೋಣೆಯಲ್ಲಿ ಅವನನ್ನು ಮಲಗಿಸಿದೆವು. ಅಮ್ಮ ಅವನ ಮುಖ ನೋಡುತ್ತ ಕೂತಳು. ಅವಳು ಅಳುತ್ತಿರಲಿಲ್ಲ, ಆದರೆ ಪರರ ಮನೆಯ ದಿಂಬಿನ ಕವರಿನ ಅಂಚನ್ನು ಮಡಚುತ್ತ, ಬಿಡಿಸುತ್ತ, ಮತ್ತೆ ಮಡಚುತ್ತಿದ್ದಳು. ಅಜ್ಜಿ ನನ್ನನ್ನು ಅಡುಗೆಮನೆಯ ಬಾಗಿಲ ಹಿಂದಕ್ಕೆ ಕರೆದರು.

"ಬೆಳಿಗ್ಗೆ ಕರ್ದಿದ್ದೆ ಅಲ್ದಾ ನೀನು? ಮೂರು ಸಲ?"

"ಹೂಂ ಅಜ್ಜಿ. ಮೂರು ಸಲ."

ಅವರು ನನ್ನ ಮುಖವನ್ನು ನೋಡಿದರು, ತಲೆಯಾಡಿಸಿದರು. ಹಾಗಾದರೆ ಬಿಸಿಲೇ ಇರಬೇಕು ಅಂದರು. ಅವರು ನನ್ನನ್ನು ನಂಬಿದ್ದು ಹಾಗೆ, ಒಂದೇ ಮಾತಿಗೆ. ಬೈದಿದ್ದರೆ, ಗದರಿ ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದೆನೋ ಏನೋ. ಆ ಮಧ್ಯಾಹ್ನವಿಡೀ ನಾನು ಕೂಲರಿನ ನೀರು ತೊಟ್ಟಿಕ್ಕುವುದನ್ನು ಕೇಳುತ್ತ ಕೂತೆ. ನಾನು ಬಾಯಿ ತೆರೆದರೆ ಎಲ್ಲರೂ ಎದ್ದು ಹೊರಡುತ್ತಾರೆ, ಎರಡು ಗಂಟೆಯಲ್ಲಿ ಮನೆ ಸೇರುತ್ತೇವೆ. ನಾನು ಬಾಯಿ ತೆರೆಯದಿದ್ದರೆ ಅನಿ ಹೀಗೇ ಇರುತ್ತಾನೆ. ನಾಳೆಯೂ. ಅವನು ಕಣ್ಣು ತೆರೆದುಕೊಂಡೇ ಮಲಗಿದ್ದ. ಕೋಣೆಯ ಗೋಡೆಯನ್ನು ನೋಡುತ್ತಿದ್ದ, ಅದೇ ದಿಕ್ಕಿನ ಗೋಡೆಯನ್ನು. ಮತ್ತೊಂದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಅವನ ಮೈ ಬಹಳ ಸಣ್ಣಗೆ ಅಲುಗುತ್ತಿತ್ತು. ನಡುಕವಲ್ಲ. ಒಂದು ಬದಿಗೆ, ಸ್ವಲ್ಪ ತಡೆದು ಇನ್ನೊಂದು ಬದಿಗೆ. ಕೂಲರಿನ ಗಾಳಿಗೆ ಇರಬೇಕು ಎಂದು ಎದ್ದು ಹೋಗಿ ಕೂಲರನ್ನು ಬೇರೆ ಕಡೆ ತಿರುಗಿಸಿದೆ. ಅದು ನಿಲ್ಲಲಿಲ್ಲ.

ಐದು ಗಂಟೆಯ ಹೊತ್ತಿಗೆ ಹೊರಟೆವು. ಅರ್ಧ ದಾರಿಯಲ್ಲಿ ಅಪ್ಪ ಚಹಾಕ್ಕೆಂದು ನಿಲ್ಲಿಸಿದರು. ಅಮ್ಮ ಇಳಿಯಲಿಲ್ಲ. ನಾನೂ ಅಜ್ಜಿಯೂ ಬೇಲಿಯ ಪಕ್ಕ ನಿಂತಿದ್ದೆವು. ಲಾರಿಯೊಂದು ಹಾದುಹೋಗಿ ಧೂಳೆಬ್ಬಿಸಿತು. ಆ ಧೂಳಿನಲ್ಲಿ ಅಜ್ಜಿಯ ಮುಖ ಕಾಣಿಸದಿದ್ದ ಕ್ಷಣದಲ್ಲಿ ನಾನು ಹೇಳಿದೆ. ಕರೆಯಲಿಲ್ಲ ಅಜ್ಜಿ. ಗಂಟೂ ಹಾಕಲಿಲ್ಲ. ಪಿನಲ್ ಇದ್ದಳು. ಧೂಳು ಇಳಿದಾಗ ಅಜ್ಜಿಯ ಮುಖದಲ್ಲಿ ಕೋಪವಿರುತ್ತದೆ ಎಂದು ಕಾದಿದ್ದೆ. ಅಲ್ಲಿ ಕೋಪವಿರಲಿಲ್ಲ. ಅಂಗಡಿಯಲ್ಲಿ ಕೊಡೆ ಮರೆತು ಬಂದದ್ದು ನೆನಪಾದವರ ಮುಖದಂತಿತ್ತು ಅದು. ಎಲ್ಲಿದೆ ಎಂದು ಗೊತ್ತಾಯಿತಲ್ಲ, ಹೋಗಿ ತಂದರಾಯಿತು, ಅಷ್ಟೇ. ಅವರು ಚಹಾದ ಲೋಟ ಹಿಡಿದು ಬರುತ್ತಿದ್ದ ಅಪ್ಪನ ಕಡೆ ತಿರುಗಿದರು.

"ಚಂದ್ರು, ಚಹಾ ಸಾಕು. ಇನ್ನು ಮನೆ ತನಕ ಎಲ್ಲೂ ನಿಲ್ಸುದು ಬೇಡ."

ಯಾಕೆಂದು ಅಪ್ಪ ಕೇಳಲಿಲ್ಲ. ಲೋಟವನ್ನು ಅಲ್ಲೇ ಇಟ್ಟರು. ನಗುವ ಅಪ್ಪ ಆ ದಿನ ನಗದೇ ಕಾರು ಓಡಿಸಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದಿತು.

ನವರಂಗಪುರ ತಲುಪಿದಾಗ ಸೂರ್ಯ ಮುಳುಗುವ ಹೊತ್ತು. ರಿಕ್ಷಾಗಳ ಗದ್ದಲ, ಕಾಲೇಜಿನ ಹುಡುಗರು, ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಎಲ್ಲ ಎಂದಿನಂತೆಯೇ ಇತ್ತು. ಅಜ್ಜಿ ಸೊಂಟದಿಂದ ಬೀಗದ ಕೈ ತೆಗೆದರು.

"ಬಿಟ್ಟು ಬಂದದ್ದು ನೀನು. ಕರೀಕಾದ್ದೂ ನೀನೇ. ನಾನು ಕರೆದ್ರೆ ಬತ್ತಿಲ್ಲ. ಹೋಗು."

ನಾನು ಒಬ್ಬಳೇ ಮೂರು ಮಹಡಿ ಹತ್ತಿದೆ. ಮೆಟ್ಟಿಲ ತಿರುವಿನಲ್ಲಿ ಐಸ್ ಕ್ಯಾಂಡಿಯ ಎರಡು ಕಡ್ಡಿಗಳು ಬಿದ್ದಿದ್ದವು, ಇರುವೆ ಮುತ್ತಿತ್ತು. ಬೀಗ ನಾನು ಹಾಕಿದ ಹಾಗೇ ಇತ್ತು. ಬಾಗಿಲು ತೆರೆದಾಗ ಇಡೀ ದಿನ ಮುಚ್ಚಿದ್ದ ಮನೆಯ ಬೆಂದ ಗಾಳಿ ಮುಖಕ್ಕೆ ಬಂತು. ಅದರಲ್ಲಿ ಬಜೆಯ, ಹಾಲಿನ ವಾಸನೆ. ದೀಪ ಹಾಕುವ ಮುಂಚೆಯೇ ಕೋಣೆಯ ಘೋಡಿಯು ಕಾಣಿಸಿತು. ಜೋಲಿ ಬಾಯಿ ತೆರೆದುಕೊಂಡಿತ್ತು. ಹಗ್ಗ ನೆಲದ ಮೇಲೆ, ಅಜ್ಜಿ ಬಿಟ್ಟಲ್ಲೇ ಇತ್ತು. ಜೋಲಿ ಅಲುಗುತ್ತಿರಲಿಲ್ಲ. ಇದನ್ನು ನಾನು ಬೇಕೆಂದೇ ನೋಡಿ ನೆನಪಿಟ್ಟುಕೊಂಡಿದ್ದೇನೆ. ಹೊಸ್ತಿಲಲ್ಲಿ ನಿಂತು ಕರೆದೆ. ಮೊದಲ ಸಲ ದನಿ ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಬಂತು. ಎರಡನೇ ಸಲ ಮೇಲಿನ ಮನೆಯವರಿಗೆ ಕೇಳುವಷ್ಟು ಜೋರಾಗಿ ಬಂತು, ಕೇಳಲಿ ಅಂದುಕೊಂಡೆ. ಬಾ ಅನಿ. ಅಕ್ಕ ಬಂದಿದ್ದಾಳೆ. ಬೆಳಿಗ್ಗೆ ಮರೆತೆ ಅಂತಲೂ ಹೇಳಬೇಕೆಂದಿದ್ದೆ. ಆದರೆ ಅದು ಮತ್ತೊಂದು ಸುಳ್ಳಾಗುತ್ತಿತ್ತು. ಬೆಳಿಗ್ಗೆ ಬೇಕೆಂದೇ ಬಿಟ್ಟೆ, ಬಾ, ಅಂದೆ.

ಮೂರನೆಯ ಸಲ ಕರೆದು ಮುಗಿಸಿದಾಗ ಕೆಳಗಿನಿಂದ, ಮೆಟ್ಟಿಲುಗಳ ಸುರುಳಿಯಲ್ಲಿ ಏರುತ್ತ, ಅನಿಯ ಅಳು ಕೇಳಿಸಿತು. ಹಸಿವಿನ ಅಳು, ಸಿಟ್ಟಿನ ಅಳು, ದಿನವಿಡೀ ಕೂಡಿಟ್ಟ ಅಳು. ಅಮ್ಮ ಅವನನ್ನು ಎತ್ತಿಕೊಂಡು ಓಡುತ್ತಲೇ ಮೇಲೆ ಬಂದಳು. ಅವಳ ಮುಖ ಒದ್ದೆಯಾಗಿತ್ತು, ಅವಳು ನಗುತ್ತಿದ್ದಳು. ಅವನು ಕೈ ಚಾಚಿ ನನ್ನ ಜಡೆ ಹಿಡಿದು ಎಳೆದ. ನೋವಾಯಿತು. ಬಿಡಿಸಿಕೊಳ್ಳಲಿಲ್ಲ. ಅಪ್ಪ ಚೀಲಗಳನ್ನು ಹೊತ್ತು ಬಂದು, ಒಳಗಿನ ಧೂಳಿಗೋ ಏನೋ, ನಿಜವಾಗಿಯೇ ಸೀನಿದರು. ಅನಿ ಅಳುವಿನ ನಡುವೆಯೇ ಕೇಕೆ ಹಾಕಿದ.

ಆಮೇಲೆ ಎಲ್ಲ ಎಂದಿನ ಸಂಜೆಯಂತಾಯಿತು. ಅಮ್ಮ ಗಂಜಿಗೆ ಅಕ್ಕಿ ಇಟ್ಟಳು. ಅಪ್ಪ ಕಿಟಕಿಗಳನ್ನು ತೆರೆಯುತ್ತ, ಆ ಡಾಕ್ಟರು ಹೇಳಿದ್ದು ಸರಿ, ಬಿಸಿಲು ಇಳಿದ ಕೂಡಲೇ ಸರಿಹೋದ ನೋಡಿ, ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ಹೇಳಿದ್ದು ತಮಗೇ ಇರಬೇಕು. ಅಜ್ಜಿ ಮಗುವಿನ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅದು ಬೆಚ್ಚಗಾಗಿತ್ತು. ನನಗೂ ಅಪ್ಪನ ಮಾತನ್ನೇ ನಂಬುವ ಆಸೆಯಾಯಿತು. ನಾನು ಹನ್ನೊಂದು ವರ್ಷದವಳು, ಕಾನ್ವೆಂಟಿನಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆಯುವವಳು. ಬಿಸಿಲು, ಸುಸ್ತು, ಕೂಲರಿನ ಗಾಳಿ. ಎಲ್ಲಕ್ಕೂ ಒಂದೊಂದು ಕಾರಣ ಹೊಂದಿಸುತ್ತ ತಟ್ಟೆಗಳನ್ನು ಹಾಕುತ್ತಿದ್ದೆ. ಸುಳ್ಳು ಹೇಳಿದ್ದು ತಪ್ಪು, ಆದರೆ ಅದರಿಂದ ಏನೂ ಆಗಿರಲಿಲ್ಲ. ಹಾಗೆ ಹೆಚ್ಚುಕಡಿಮೆ ತೀರ್ಮಾನಿಸಿದ್ದೆ.

ಅಷ್ಟರಲ್ಲಿ ಬೆಲ್ ಆಯಿತು. ಎದುರು ಮನೆಯ ಜ್ಯೋತ್ಸ್ನಾಬೆನ್, ಕೈಯಲ್ಲಿ ಮಾವಿನ ರಸದ ಬಟ್ಟಲು. ಬಾಗಿಲುಗಳು ಎದುರುಬದುರಾದರೂ ಅವರ ಮಲಗುವ ಕೋಣೆಗೂ ಘೋಡಿಯು ಇದ್ದ ನಮ್ಮ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೆಳಿಗ್ಗೆ ನಾವು ಹೊರಟಾಗ ಅವರು ದೇವಸ್ಥಾನಕ್ಕೆ ಹೋಗಿದ್ದರು, ಯಾರು ಯಾರು ಹೋದೆವೆಂದು ಅವರಿಗೆ ಗೊತ್ತಿರಲಿಲ್ಲ. ವಡೋದರಾದಲ್ಲಿ ಬಿಸಿಲು ಹೇಗಿತ್ತು, ರೈಲು ಹತ್ತಿದೆಯಾ ಎಂದು ಕೇಳುತ್ತ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ತಿರುಗಿ ಎರಡು ಹೆಜ್ಜೆ ಇಟ್ಟವರು, ಏನೋ ನೆನಪಾಗಿ, ತಮ್ಮ ಬಾಗಿಲಿನಿಂದಲೇ ಆಕಳಿಸುತ್ತ ಹೇಳಿದರು:

"ಸುಮಾ ಬೇಟಾ, ನಿನ್ನ ಅಜ್ಜಿಗೆ ಹೇಳು, ನಾಳೆಯಾದರೂ ಆ ಘೋಡಿಯುವಿನ ಕೊಂಡಿಗೆ ಒಂದು ತೊಟ್ಟು ಎಣ್ಣೆ ಬಿಡಲಿ. ಇವತ್ತು ಮಧ್ಯಾಹ್ನವಿಡೀ ತೂಗಿದ್ದೇ ತೂಗಿದ್ದು, ನನಗೆ ಒಂದು ಗಳಿಗೆ ಕಣ್ಣು ಮುಚ್ಚಲಾಗಲಿಲ್ಲ."